ಕೋರ್ಟಿನ ಕಾಗದಕ್ಕೆ ಅಪ್ಪ ಹೇಳಿದ ‘ಶುಕ್ರನ್’

ಅಪ್ಪನ ಮಾತನ್ನು ಕೇಳದೆಯೇ ಅವರ ಅಂಗಡಿಯ ತೆರವಿಗೆ ಆದೇಶವಾಗಿದೆ. ಇದಕ್ಕೆ ಹೊಣೆ, ಇಲ್ಲಿ ಗಲ್ಫ್‌ನಲ್ಲಿ ಅಂಗಡಿಗಳ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ, ಮಾಹೂಝ್ ಬಡಾವಣೆಯ ಒಂದು ಸೇವಾ ಕಚೇರಿ. ನಮ್ಮ ಪರವಾಗಿ ಕಾಗದ ಪಡೆದು ತಿಳಿಸುವುದೇ ಅವರ ಕೆಲಸವಾಗಿತ್ತು. ಪಡೆದರು, ತಿಳಿಸಲಿಲ್ಲ.

ಅಪ್ಪ ಪಕ್ಕದ ಅದ್ಲಿಯಾದಲ್ಲಿ ದರ್ಜಿ. ಸಲ್ಮಾನಿಯಾ ಆಸ್ಪತ್ರೆಯ ಎಷ್ಟೋ ನರ್ಸ್‌ಗಳು ಸಮವಸ್ತ್ರ ಹೊಲಿಸಿಕೊಳ್ಳುವುದು ಅವರಲ್ಲಿಯೇ. ಆದರೆ ಕಾನೂನು ಪತ್ರಗಳಿಗೆಂದು ಅಂಗಡಿಯ ನೋಂದಣಿಯಲ್ಲಿ ಕೊಟ್ಟ ವಿಳಾಸ ಆ ಕಚೇರಿಯದು. ಅಲ್ಲಿ ಯಾರಾದರೂ ಸಹಿ ಹಾಕಿ ಪಡೆದರೆ, ಕಾನೂನಿನ ಪ್ರಕಾರ ಕಾಗದ ಅಪ್ಪನ ಕೈಸೇರಿದಂತೆಯೇ. ಇದನ್ನು ನಾನು ವಿಶ್ವವಿದ್ಯಾಲಯದ ಕಾನೂನು ತರಗತಿಯಲ್ಲಿ ಓದಿ ಪರೀಕ್ಷೆ ಬರೆದಿದ್ದೆ. ಮನೆಯಲ್ಲಿ ಒಮ್ಮೆಯೂ ವಿವರಿಸಿರಲಿಲ್ಲ.

ಪ್ರತಿವರ್ಷ ನೋಂದಣಿ ನವೀಕರಣವಾದಾಗ ಕಚೇರಿಯವರು ಅರಬ್ಬಿ ಕಾಗದವೊಂದರ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳುಹಿಸುತ್ತಿದ್ದರು. ಅಪ್ಪನಿಗೆ ಅರಬ್ಬಿ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಕೆಳಗಿನ ಮೊಹರು ನೋಡಿ ‘ಶುಕ್ರನ್’ ಎಂದು ಧನ್ಯವಾದ ಬರೆಯುತ್ತಿದ್ದರು. ಈ ಸಲ ಬಂದದ್ದು, ಅಂಗಡಿ ತೆರವುಗೊಳಿಸಲು ಕಟ್ಟಡದ ಮಾಲೀಕ ಹೂಡಿದ ದಾವೆಯ ನೋಟಿಸು. ಜೊತೆಗೆ ವಿವರಣೆಯ ಒಂದು ಸಾಲೂ ಇರಲಿಲ್ಲ. ಮೊಹರಿತ್ತು. ಅಪ್ಪ ಅದಕ್ಕೂ ಶುಕ್ರನ್ ಎಂದರು. ವಿಚಾರಣೆ ಅವರಿಲ್ಲದೆ ಮುಗಿಯಿತು. ಅಂಗಡಿಯ ಬಾಗಿಲಿಗೆ ಆದೇಶ ಅಂಟಿಸಿದಾಗಲೇ ನಮಗೆ ತಿಳಿದದ್ದು.

ಮರುದಿನ ಅಪ್ಪನೊಂದಿಗೆ ಕಚೇರಿಗೆ ಹೋದೆ. ಗುಮಾಸ್ತರು ಮಂಗಳೂರಿನ ಕಡೆಯವರೇ. ಕುರ್ಚಿ ಎಳೆದುಕೊಟ್ಟು ಫೋನ್ ಮುಂದೆ ಹಿಡಿದರು.

“ಎಂತ ಮಾಸ್ಟ್ರೇ, ನಾವು ಕಳಿಸಿದ್ದೇವಲ್ಲ! ನೀವೇ ಶುಕ್ರನ್ ಹೇಳಿದ್ದು, ಇಲ್ಲಿ ನೋಡಿ.”

“ನನ್ನ ಡೆತ್ ಸರ್ಟಿಫಿಕೇಟ್ ಕಳಿಸಿದ್ರೂ ನಾನು ಶುಕ್ರನ್ ಅಂತಲೇ ಹಾಕ್ತಿದ್ದೆ ಮಾರಾಯ್ರೇ,” ಎಂದರು ಅಪ್ಪ. “ನಂಗೆ ಅರಬ್ಬಿ ಓದ್ಲಿಕ್ಕೆ ಬರುದಿಲ್ಲ ಅಂತ ನಿಮಗೆ ಗೊತ್ತುಂಟಲ್ಲ. ಒಂದು ಫೋನ್ ಮಾಡ್ಲಿಕ್ಕೆ ಎಂತ ಆಗಿತ್ತು?”

“ದಿನಕ್ಕೆ ಎಷ್ಟು ಕಾಗದ ಬರ್ತದೆ ಮಾಸ್ಟ್ರೇ! ಎಲ್ಲರಿಗೂ ಫೋನ್ ಮಾಡ್ತಾ ಕೂತ್ರೆ ನಾವು ಊಟ ಮಾಡುದು ಯಾವಾಗ?”

ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಪರದೆಯ ಮೇಲಿನ ಆ ಒಂದು ಪದ ಕಂಡು ಬಹಳ ದಣಿವಾಯಿತು. ಅಪ್ಪನ ಸೌಜನ್ಯವೇ ಅವರಿಗೆ ರಸೀದಿಯಾಗಿತ್ತು. ಹಿಂದಿರುಗುವಾಗ ಕಾರಿನಲ್ಲಿ ಅಪ್ಪ, ಗುಂಡಿ ಹಾಕಲು ಬಾಕಿಯಿರುವ ಸಮವಸ್ತ್ರಗಳ ಬಗ್ಗೆ ಮಾತ್ರ ಮಾತಾಡಿದರು.

ಮೇಲ್ಮನವಿಗೆ ಇನ್ನೂ ಅವಧಿಯಿದೆ. ಆದ್ದರಿಂದ ಆ ಕಚೇರಿಯ ವ್ಯವಸ್ಥಾಪಕರಲ್ಲಿ ನನ್ನ ವಿನಂತಿ: ನೋಟಿಸು ಯಾವ ದಿನ ಬಂತು, ಯಾರು ಸಹಿ ಹಾಕಿದರು, ಅದು ಏನೆಂದು ಅಪ್ಪನಿಗೆ ಏಕೆ ಹೇಳಲಿಲ್ಲ ಎಂಬುದಕ್ಕೆ ನಿಮ್ಮ ಮೊಹರಿನೊಂದಿಗೆ ಲಿಖಿತ ಉತ್ತರ ಕೊಡಿ. ಅವಧಿ ಮುಗಿಯುವ ಮುನ್ನ ಕೊಡಿ. ನ್ಯಾಯಾಲಯಕ್ಕೆ ಸಲ್ಲಿಸಲು ಅರಬ್ಬಿಯಲ್ಲಿ ಒಂದು ಪ್ರತಿ ಇರಲಿ. ಅಪ್ಪನಿಗೆ ಕನ್ನಡದಲ್ಲಿ ಒಂದು.