ಮುರು ಮೀನು ಮತ್ತು ಭಾವನ ಮರ್ಯಾದೆ

ಎಪ್ಪತ್ತರ ದಶಕದ ಕೊನೆಗೆ ಅಕ್ಕನ ಗಂಡ ದುಬೈಯಿಂದ ರಜೆಯಲ್ಲಿ ಬಂದವರು ಸೂಟ್‌ಕೇಸಿನಿಂದ ಟೇಪ್ ರೆಕಾರ್ಡರ್ ತೆಗೆದರು, ಸೆಂಟು ತೆಗೆದರು, ಕೊನೆಗೆ ಚಕ್ರವಿದ್ದ ಒಂದು ಗಾಳದ ಕೋಲನ್ನೂ ತೆಗೆದರು. ಬಿಕರ್ನಕಟ್ಟೆಯ ನಮ್ಮ ಜಗಲಿಯಲ್ಲಿ ಕೂತು ಆ ಚಕ್ರವನ್ನು ಕರಕರ ತಿರುಗಿಸುವುದೇ ಅವರಿಗೆ ಕೆಲಸ. ಮೀನು ಮಾತ್ರ ಒಂದೂ ಕಾಣೆ.

ಅಮ್ಮ ಆಗಷ್ಟೇ ಟೈಫಾಯಿಡ್‌ನಿಂದ ಎದ್ದಿದ್ದಳು. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದಳು, ದಿನದಿಂದ ದಿನಕ್ಕೆ ಇಳಿದು ಹೋಗುತ್ತಿದ್ದಳು. ನಮಗೆಲ್ಲ ಹೆದರಿಕೆಯಾಗಿತ್ತು. ಒಂದು ಬೆಳಿಗ್ಗೆ ತಾನಾಗಿ ಹೇಳಿದಳು: "ಕಲ್ಲಿನ ಎಡೆಯ ಮುರು ಮೀನು ಸಿಕ್ಕಿದರೆ ನಾಲ್ಕು ತುತ್ತು ಊಟ ಮಾಡ್ತೇನೆ."

"ಅದಕ್ಕೆಂತ, ನಾನಿದ್ದೇನಲ್ಲ!" ಎಂದು ಭಾವ ಕೋಲು ಎತ್ತಿಕೊಂಡರು. ಬುಟ್ಟಿ ಹಿಡಿಯಲು ನಾನು.

ಸೋಮೇಶ್ವರದ ಕಡಲ ಬಂಡೆಯ ಮೇಲೆ ನಿಂತು ಅವರು ಗಾಳವನ್ನು ಕ್ರಿಕೆಟ್ ಚೆಂಡಿನಂತೆ ಬೀಸಿ ಎಸೆದರು. ಅದು ಕಲ್ಲಿಗೆ ಸಿಕ್ಕಿ ಹರಿಯಿತು. ಇನ್ನೊಂದು ಕಟ್ಟಿದರು, ಅದೂ ಹೋಯಿತು. "ಎಂತ ಕಲ್ಲು ಮಾರಾಯ ಇದು! ದುಬೈಯಲ್ಲಿ ಹೀಗಿಲ್ಲ." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಕಲ್ಲಿನಲ್ಲಿ ಗಾಳ ಬೀಸುವುದಲ್ಲ, ಎಡೆಗೆ ಇಳಿಸುವುದು. ಭಾರಕ್ಕೆ ಸೀಸದ ಬದಲು ಹೊಲಿಗೆ ನೂಲಿನಲ್ಲಿ ಒಂದು ಹರಳುಕಲ್ಲು ಕಟ್ಟಬೇಕು; ಸಿಕ್ಕಿದರೆ ನೂಲು ಹರಿದು ಕಲ್ಲು ಮಾತ್ರ ಹೋಗುತ್ತದೆ, ಗಾಳ ಉಳಿಯುತ್ತದೆ. ಕಡಲ ಬದಿಯ ತವರಿನ ಅಮ್ಮನೇ ನನಗೆ ಕಲಿಸಿದ್ದು. ನಾನು ಹೇಳಲಿಲ್ಲ. ಮನೆಯ ಅಳಿಯನಿಗೆ ಬುದ್ಧಿ ಹೇಳುವ ಕ್ರಮ ನಮ್ಮಲ್ಲಿಲ್ಲವಲ್ಲ! ಆ ದಿನ ನನ್ನಷ್ಟು ಮರ್ಯಾದಸ್ಥ ಇಡೀ ಊರಿನಲ್ಲಿ ಇರಲಿಲ್ಲ.

ಕೊನೆಗೆ ಯಾವ ಪುಣ್ಯವೋ, ದೊಡ್ಡದೊಂದು ಮುರು ಕಚ್ಚಿತು. ಕಚ್ಚಿದ್ದೇ ಬಿಲಕ್ಕೆ ನುಗ್ಗಿ, ಕಿವಿರು ಅಗಲಿಸಿ ಕೂತುಬಿಟ್ಟಿತು. ಆಗ ಎಳೆಯಬಾರದು. ದಾರ ಸಡಿಲ ಬಿಟ್ಟು ಒಂದು ವೀಳ್ಯ ಜಗಿಯುವಷ್ಟು ಹೊತ್ತು ಕಾದರೆ, ತಪ್ಪಿಸಿಕೊಂಡೆ ಎಂದುಕೊಂಡು ಮೀನು ತಾನೇ ಹೊರಗೆ ಬರುತ್ತದೆ. ಭಾವ ಬಂಡೆಗೆ ಕಾಲು ಕೊಟ್ಟು ಎಳೆಯುತ್ತಿದ್ದರು. ಬೆವರಿಳಿಯುವ ಮುಖ ತಿರುಗಿಸಿ, ಮೊದಲ ಸಲ ನನ್ನನ್ನು ಕೇಳಿದರು: "ಎಂತ ಮಾಡುವುದು ಭಾವ?"

"ನಿಮಗೆ ಗೊತ್ತಿಲ್ಲದ್ದು ನನಗೆಂತ ಗೊತ್ತು ಭಾವ?"

ದಾರ ಹರಿಯಿತು. ಅವರು ಕುಂಡೆಯೂರಿ ಬಿದ್ದರು. ನನಗೆ ನಗು ತಡೆಯಲಾಗಲಿಲ್ಲ.

ಬರುವಾಗ ಮಾರ್ಕೆಟ್ಟಿನಿಂದ ಮುರು ತಂದೆವು. ಅಕ್ಕ ಸಾರು ಮಾಡಿ ಬಡಿಸಿದಳು. ಅಮ್ಮ ಒಂದು ಚೂರು ಬಾಯಿಗಿಟ್ಟು, "ಐಸಿನದ್ದು," ಎಂದಳು. ಭಾವ, ಪಾಪ, ಏನೂ ಮುಚ್ಚಿಡದೆ ಎಲ್ಲ ಒಪ್ಪಿಸಿದರು: ಮೀನು ಕಚ್ಚಿದ್ದು, ಬಿಲದಲ್ಲಿ ಸಿಕ್ಕಿಕೊಂಡದ್ದು, ಎಳೆದು ದಾರ ಹರಿದದ್ದು.

ಅಮ್ಮ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ದಾರ ಸಡಿಲ ಬಿಡಲಿಕ್ಕೆ ನೀನು ಹೇಳಲಿಲ್ವಾ?"

"ಭಾವನಿಗೆ ನಾನು ಹೇಗೆ ಹೇಳುವುದು ಅಮ್ಮ..."

"ಅವರಿಗೆ ಗೊತ್ತಿರಲಿಲ್ಲ," ಎಂದಳು ಅಮ್ಮ. "ನಿನಗೆ ಗೊತ್ತಿತ್ತು." ಬಟ್ಟಲು ಸರಿಸಿ, ಗೋಡೆಯ ಕಡೆ ತಿರುಗಿ ಮಲಗಿದಳು.