ಎಂಟನೇ ಮನೆಯ ಕುಜ

ಆಸ್ಟಿನ್‌ನ ಒಂದು ಕಾಲೇಜಿನಲ್ಲಿ ನಾನು ಪ್ರಾಚೀನ ಕಾಲದ ವಿಜ್ಞಾನದ ಇತಿಹಾಸ ಕಲಿಸುತ್ತೇನೆ. ಗ್ರೀಕರೂ ರೋಮನ್ನರೂ ಜ್ಯೋತಿಷ್ಯವನ್ನು ಹೇಗೆ ನಂಬಿದರು, ಅವರದೇ ಪಂಡಿತರಲ್ಲಿ ಕೆಲವರು ಅದನ್ನು ಹೇಗೆ ತರಾಟೆಗೆ ತೆಗೆದುಕೊಂಡರು ಎನ್ನುವುದು ನನಗೆ ಬಹಳ ಇಷ್ಟದ ಪಾಠ. ಇದರಿಂದ ನಮ್ಮ ಮನೆಯವರಿಗೆ ನಯಾಪೈಸೆ ಉಪಯೋಗವಾಗಿರಲಿಲ್ಲ. 2016ರ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಮಾತ್ರ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಿಂದ ಅಕ್ಕ ಫೋನ್ ಮಾಡಿ, ಈಗಲೇ ಹೊರಟು ಬಾ ಎಂದಳು.

ಅಕ್ಕನ ಮಗಳು ಹ್ಯೂಸ್ಟನ್‌ನಲ್ಲೇ ಹುಟ್ಟಿ ಬೆಳೆದವಳು. ಡಾಲಸ್‌ನ ಕನ್ನಡದ ಹುಡುಗನೊಬ್ಬನನ್ನು ತಾನೇ ಮೆಚ್ಚಿಕೊಂಡಿದ್ದಳು. ಎರಡೂ ಮನೆಯವರು ಒಪ್ಪಿದ್ದರು. ಆಮೇಲೆ ಹುಡುಗನ ತಾಯಿ, ಸುಮ್ಮನೆ ಶಾಸ್ತ್ರಕ್ಕೆ ಅಂತ ಜಾತಕ ಕೇಳಿದರು. ನೋಡಿದರೆ ಹುಡುಗಿಯ ಎಂಟನೇ ಮನೆಯಲ್ಲಿ ಕುಜ ಕೂತಿದ್ದಾನೆ! ಅಂಥವಳನ್ನು ಮದುವೆಯಾದರೆ ಗಂಡನ ಆಯಸ್ಸಿಗೆ ಕುತ್ತು ಎಂದು ಅವರ ಜೋಯಿಸರು ಹೇಳಿದರಂತೆ. ಅಂದಿನಿಂದ ಡಾಲಸ್ ಕಡೆಯಿಂದ ಸದ್ದಿಲ್ಲ. ತಾಯಿಯ ಮಾತು ಹಾಗಿರಲಿ, ಹುಡುಗನದೂ ಇಲ್ಲ. ಕೇಳಿ ನನಗೆ ಮೈ ಉರಿದುಹೋಯಿತು.

ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ನನ್ನ ಮನೆಯಿಂದ ಡ್ರೈವ್ ಮಾಡುತ್ತ ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಒಂದೇ ಹೊತ್ತಿಗೆ ಹುಟ್ಟಿದ ಅವಳಿಗಳ ಬಾಳು ಬೇರೆ ಬೇರೆಯಾಗುವುದೇಕೆ ಎಂದು ರೋಮಿನ ಪಂಡಿತರು ಕೇಳಿದ್ದರು. ಗ್ರೀಕರ ಸಂಶಯವಾದಿಯೊಬ್ಬ ಇನ್ನೂ ಕಿಲಾಡಿ. ಮಗು ಹುಟ್ಟಿದೊಡನೆ ಕೆಳಗೆ ಜಾಗಟೆ ಬಾರಿಸುತ್ತಾರೆ, ಗುಡ್ಡದ ಮೇಲೆ ಕಾದು ಕೂತ ಜೋಯಿಸ ಅದನ್ನು ಕೇಳಿ ಆಕಾಶ ನೋಡುತ್ತಾನೆ. ಆದರೆ ಸದ್ದು ಗುಡ್ಡ ಹತ್ತುವಷ್ಟರಲ್ಲಿ ಆಕಾಶ ಸರಿದಿರುತ್ತದಲ್ಲ ಎಂಬುದು ಅವನ ತಕರಾರು.

ಅಕ್ಕ ಊಟದ ಮೇಜಿನ ಮೇಲೆ ಜಾತಕ ಇಟ್ಟುಕೊಂಡು ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಅವಳಿಗಳ ಕತೆ ಅರ್ಧಕ್ಕೆ ಬರುವಷ್ಟರಲ್ಲಿ ನನ್ನನ್ನು ತಡೆದಳು.

“ನಿನ್ನ ಪಾಠ ನಂಗ್ ಬೇಡ ಕಣೇ. ಈ ಮದುವೆ ನಿಲ್ಲಬಾರದು, ಅಷ್ಟೇ.”

ಪಾಠ ಅಲ್ಲಿಗೇ ಬಿಟ್ಟು ಜಾತಕ ತೆಗೆದು ನೋಡಿದೆ. ಮಗು ಹುಟ್ಟಿದಾಗ ಭಾವ ಫೋನಿನಲ್ಲಿ ಹೇಳಿದ ಹೊತ್ತನ್ನು ಹಿಡಿದು ಮೈಸೂರಿನಲ್ಲಿ ಬರೆಸಿದ್ದು. ಹುಟ್ಟಿದ್ದು ಜುಲೈನಲ್ಲಿ. ಬೇಸಿಗೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿರುತ್ತಾರೆ. ಪಾಪ, ಮೈಸೂರಿನ ಜೋಯಿಸರಿಗೆ ಅದು ಹೇಗೆ ಗೊತ್ತಿರಬೇಕು? ಆ ಗಂಟೆಯನ್ನು ಕಳೆದರೆ ಲಗ್ನವೇ ಬದಲಾಗುತ್ತಿತ್ತು. ಕುಜ ಎಂಟನೇ ಮನೆ ಖಾಲಿ ಮಾಡಿ ಒಂಬತ್ತಕ್ಕೆ ಹೋಗುತ್ತಿದ್ದ. ಅಲ್ಲಿ ಅವನಿಂದ ಯಾರಿಗೂ ಅಪಾಯವಿಲ್ಲವಂತೆ.

ಹೇಳಲು ನಾಲಿಗೆ ಏಳಲಿಲ್ಲ. ಹೊತ್ತು ತಪ್ಪು ಎಂದ ಕೂಡಲೇ, ಹೊತ್ತು ಸರಿಯಿದ್ದರೆ ಉಳಿದದ್ದೆಲ್ಲ ನಿಜ ಎಂದು ಒಪ್ಪಿದಂತಾಗುತ್ತದೆ. ರೋಮಿನ ಪಂಡಿತರು ಅಷ್ಟೆಲ್ಲ ವಾದಿಸಿದರೂ ಜೋಯಿಸರ ಅಂಗಡಿ ಮುಚ್ಚಲಿಲ್ಲ. ಜೋಯಿಸರಿಗೆ ಕಷ್ಟ ಬಂದದ್ದು ಹೊಸದಾಗಿ ಬಂದ ಕ್ರೈಸ್ತ ಧರ್ಮ ಕಣ್ಣು ಕೆಂಪಗೆ ಮಾಡಿದಾಗ, ದೊರೆಗಳು ಶಿಕ್ಷೆ ಕೊಡಲು ಶುರುಮಾಡಿದಾಗ. ತರಗತಿಯಲ್ಲಿ ಇದನ್ನು ನಗುತ್ತ ಹೇಳುವವಳು ನಾನು. ಅಕ್ಕನ ಮುಖ ನೋಡಿದಾಗ ನಗು ಬರಲಿಲ್ಲ. ಆ ಒಂದು ಗಂಟೆಯ ತಪ್ಪನ್ನು ಹೇಳಿಬಿಟ್ಟೆ.

ಅಕ್ಕ ತಕ್ಷಣ ಡಾಲಸ್‌ಗೆ ಫೋನ್ ಮಾಡಿದಳು. ಅವರ ಜೋಯಿಸರು ಮತ್ತೆ ಲೆಕ್ಕ ಹಾಕಿದರು. ಮಧ್ಯಾಹ್ನದ ಹೊತ್ತಿಗೆ, ದೋಷ ಇಲ್ಲವಂತೆ, ಮುಂದುವರಿಯೋಣ ಎಂದು ಹುಡುಗನ ತಾಯಿಯೇ ತಿಳಿಸಿದರು. ಅಕ್ಕ ಶಾವಿಗೆ ಪಾಯಸಕ್ಕೆ ಹಾಲಿಟ್ಟಳು. ನನಗೂ ನೆಮ್ಮದಿಯಾಯಿತು, ಸುಳ್ಳೇಕೆ ಹೇಳಲಿ.

ಸ್ವಲ್ಪ ಹೊತ್ತಿಗೆ, ಅಲ್ಲೇ ಸೋಫಾದಲ್ಲಿ ಕೂತಿದ್ದ ಅಕ್ಕನ ಮಗಳ ಫೋನ್ ಬಡಿದುಕೊಂಡಿತು. ಅಷ್ಟು ದಿನ ನಾಪತ್ತೆಯಾಗಿದ್ದ ಹುಡುಗ. ಅವಳು ನಮ್ಮೆದುರಿಗೇ ಸ್ಪೀಕರ್ ಹಾಕಿದಳು. ಅವನು ಸಂಭ್ರಮದಿಂದ ಹಾಲ್ ಬುಕಿಂಗ್ ವಿಷಯ ಎತ್ತಿದ. ಅವನ ಮಾತು ಮುಗಿದ ಮೇಲೆ ಅವಳು ಇಂಗ್ಲಿಷಿನಲ್ಲಿ ಮೆಲ್ಲಗೆ ಒಂದೇ ಪ್ರಶ್ನೆ ಕೇಳಿದಳು: ಚಿಕ್ಕಮ್ಮನಿಗೆ ಆ ತಪ್ಪು ಸಿಗದೇ ಇದ್ದಿದ್ದರೆ ನೀನು ಇವತ್ತು ಫೋನ್ ಮಾಡುತ್ತಿದ್ದೆಯಾ?

ಆ ಕಡೆ ಯಾರೋ ಬಾಗಿಲು ಹಾಕಿದ ಸದ್ದಾಯಿತು. ಅವನು ನಮಗೆ ಸರಿಯಾಗಿ ಕೇಳಿಸದಂತೆ ಏನೋ ಗೊಣಗಿದ. ಅವಳು ಸರಿ ಎಂದು ಫೋನ್ ಇಟ್ಟಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಅವತ್ತು ಅಮ್ಮನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು.

“ಅವ್ನು ಯೋಚ್ನೆ ಮಾಡಿ ಹೇಳ್ತಾನಂತೆ ಅಮ್ಮ. ನಾನು ಯೋಚ್ನೆ ಮಾಡಾಯ್ತು.”