ಬೈ ಎಂದು ಬರೆದ ಮೂರು ಬೌಂಡರಿ

ಅನಂತರಾಮ್ ಅವರಿಗೆ ಹೇಸಿಗೆ ಎನ್ನಿಸುವ ಸಂಗತಿಗಳು ಬಹಳ ಇದ್ದವು. ಹಾಕರ್ ಸೆಂಟರ್ ಎಂಬ ಊಟದ ಅಂಗಡಿಗಳ ಸಾಲಿನಲ್ಲಿ ಮೇಜಿನ ಮೇಲೆ ಹಿಂದಿನವರು ಬಿಟ್ಟುಹೋದ ಮೂಳೆ, ಒರಸದೆ ಪೆಟ್ಟಿಗೆಗೆ ಹಾಕಿದ ಸ್ಪ್ಯಾನರು, ಲಿಫ್ಟಿನ ಗುಂಡಿಗೆ ಅಂಟಿದ ಜಿಡ್ಡು. ಆದರೆ ಎಲ್ಲಕ್ಕಿಂತ ಹೆಚ್ಚಿನ ಹೇಸಿಗೆ ತಿದ್ದಿದ ಅಂಕಿಯ ಮೇಲೆ. ದೇಶ ಬಿಟ್ಟು ಬಂದು, ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನದ ಎಂಜಿನ್ನುಗಳನ್ನು ಪರೀಕ್ಷಿಸುತ್ತ ಇಪ್ಪತ್ನಾಲ್ಕು ವರ್ಷ ಕಳೆದವರು ಅವರು. ಅಲ್ಲಿ ತಪ್ಪು ಬರೆದರೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಹಳೆಯ ಅಂಕಿ ಓದಲು ಸಿಗುವಂತೆ ಉಳಿಯಬೇಕು. ಭಾನುವಾರದ ಕನ್ನಡಿಗರ ಆಟದ ಬಳಗದಲ್ಲಿ ಸ್ಕೋರು ಬರೆಯುವವರೂ ಅವರೇ. ಅಲ್ಲಿಯೂ ಅದೇ ನಿಯಮ. ಹದಿನೇಳು ವರ್ಷಗಳಲ್ಲಿ ಆ ಪುಸ್ತಕದ ಮೇಲೆ ಅವರು ಪೆನ್ಸಿಲ್ ಆಡಿಸಿದ್ದು ಒಂದೇ ಒಂದು ದಿನ. ಆ ದಿನದ ಬಗ್ಗೆ ಅವರು ಯಾರೊಡನೆಯೂ ಮಾತಾಡಿರಲಿಲ್ಲ.

ಎರಡು ಸಾವಿರದ ಏಳನೆಯ ಇಸವಿಯಲ್ಲಿ ಬಳಗಕ್ಕೆ ಒಂದು ಹೊಸ ಬಹುಮಾನದ ಕಪ್ಪು ಬಂತು. ಹೆಂಗಸರು ಮಕ್ಕಳೆಲ್ಲ ಸೇರಿ ಆಡುವ, ಬೇಸ್‌ಬಾಲಿನಂಥ ಸಾಫ್ಟ್‌ಬಾಲ್ ಪಂದ್ಯಕ್ಕೆ. ಅದಕ್ಕೆ ಟೋಲಿವರ್ ಅವರ ಹೆಸರಿಡೋಣವೆಂದು ಎಲ್ಲರೂ ಮೊದಲೇ ಮಾತಾಡಿಕೊಂಡಿದ್ದರು.

ಕ್ಲಾರೆನ್ಸ್ ಟೋಲಿವರ್ ಎಂಬತ್ತರ ಹತ್ತಿರದ ಅಮೆರಿಕನ್ನರು, ಕಪ್ಪು ಜನಾಂಗದವರು. ಹರೆಯದಲ್ಲಿ ಅಮೆರಿಕದ ದಕ್ಷಿಣದ ಒಂದು ಸಣ್ಣ ಊರಿನ ತಂಡದಲ್ಲಿ ಎರಡು ವರ್ಷ ಬೇಸ್‌ಬಾಲ್ ಆಡಿದ್ದರು. ಬರೀ ಬಿಳಿಯರೇ ಇದ್ದ ಆ ಲೀಗಿಗೆ ಕಾಲಿಟ್ಟ ಮೊದಲ ಕಪ್ಪು ಆಟಗಾರ ಅವರೇ. ಆಮೇಲೆ ಎಂಜಿನ್ ಕೆಲಸ ಕಲಿತು, ಎಪ್ಪತ್ತರ ದಶಕದಲ್ಲಿ ಸೆಲೆಟಾರ್‌ಗೆ ಬಂದು, ಇಲ್ಲಿಯ ಚೀನೀ ಹೆಣ್ಣುಮಗಳನ್ನು ಮದುವೆಯಾಗಿ, ಆಕೆ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಎಂಜಿನ್ನಿನ ಬಿರುಕನ್ನು ಬೆರಳ ತುದಿಯಿಂದ ಹುಡುಕುವುದನ್ನು ಅನಂತರಾಮರಿಗೆ ಕಲಿಸಿದ ಗುರು ಅವರು. ಪ್ರತಿಯಾಗಿ ಶಿಷ್ಯ ಕಲಿಸಿದ್ದು ಒಂದೇ ಒಂದು ಕನ್ನಡದ ಮಾತು: ಪರವಾಗಿಲ್ಲ. ಪರೀಕ್ಷೆಯಲ್ಲಿ ಪಾಸಾದ ಎಂಜಿನ್ನಿಗೆ ಇಬ್ಬರೂ ಅದನ್ನೇ ಹೇಳುತ್ತಿದ್ದರು. ಬಳಗದ ಹೆಂಗಸರಿಗೆ, ಮಕ್ಕಳಿಗೆ ಬ್ಯಾಟು ಹಿಡಿಯುವುದನ್ನು ಹದಿನೈದು ವರ್ಷ ಕಲಿಸಿದವರೂ ಅವರೇ.

ಸಮಿತಿಯ ಸಭೆ ಕಾರ್ಯದರ್ಶಿ ವಿಶ್ವಜಿತ್‌ನ ಕಾಂಡೋ ಫ್ಲ್ಯಾಟಿನಲ್ಲಿ ಸೇರಿತು. ವಿಶ್ವಜಿತ್ ಮೈಸೂರಿನವನು, ರಾಫೆಲ್ಸ್ ಪ್ಲೇಸಿನ ಒಂದು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ಕಪ್ಪನ್ನು ಕೊಡಿಸುತ್ತಿದ್ದುದು ಅವನಿಗೆ ಗೊತ್ತಿದ್ದ ಒಬ್ಬ ಬಿಲ್ಡರ್. ಬಿಲ್ಡರ್‌ಗೆ ಕಪ್ಪಿನ ಮೇಲೆ ತನ್ನ ಹೆಸರೇ ಬೇಕಾಗಿತ್ತು. ಅದನ್ನು ನೇರವಾಗಿ ಹೇಳುವ ಬದಲು ವಿಶ್ವಜಿತ್ ಲ್ಯಾಪ್‌ಟಾಪ್ ತೆರೆದ.

“ನೋಡಿ, ನಂಗೂ ಟೋಲಿವರ್ ಅಂಕಲ್ ಅಂದ್ರೆ ತುಂಬಾ ಇಷ್ಟ. ಬಟ್ ಇಮೋಷನಲ್ ಆಗ್ಬಾರ್ದು. ಆ ಊರಿನ ಹಳೇ ಪೇಪರ್ ತರಿಸಿ ಚೆಕ್ ಮಾಡಿದೀನಿ. ಎರಡು ಸೀಸನ್, ನಾನೂರ ಇಪ್ಪತ್ತು ಸಲ ಬ್ಯಾಟಿಂಗು, ಹಿಟ್ ಬರೀ ನೂರು. ಸಾವಿರಕ್ಕೆ ಇನ್ನೂರ ಮೂವತ್ತೆಂಟು. ಒಳ್ಳೇ ಪ್ಲೇಯರ್ ಅಂದ್ರೆ ಮುನ್ನೂರಾದ್ರೂ ಇರ್ಬೇಕು. ಫಸ್ಟ್ ಬ್ಲ್ಯಾಕ್ ಪ್ಲೇಯರ್, ಓಕೆ, ರೆಸ್ಪೆಕ್ಟ್. ಆದ್ರೆ ಪ್ಲೇಯರ್ ಆಗಿ? ಆವರೇಜ್. ಅವರನ್ನ ಹಾಕ್ಕೊಂಡಿದ್ದೇ ಶೋಗೋಸ್ಕರ ಅನ್ಸುತ್ತೆ.”

ಬಳಗದ ಅಧ್ಯಕ್ಷರಾದ ಗುಂಡಪ್ಪ, ಹಿಂದೆ ಕ್ರಿಕೆಟ್ ತಂಡದ ಕ್ಯಾಪ್ಟನ್ ಆಗಿದ್ದವರು, ಚಕ್ಕುಲಿ ಮುರಿಯುತ್ತ ತಲೆಯಾಡಿಸಿದರು. ಪಾಲಿಟೆಕ್ನಿಕ್‌ನಲ್ಲಿ ಲೆಕ್ಕ ಕಲಿಸುವ ನಿರುಪಮಾ ಮಾತ್ರ, “ಅಂಕಿ ಯಾರು ಬರ್ದಿದ್ದು ಅಂತ ನೋಡ್ಬೇಕಲ್ವಾ?” ಎಂದಳು.

“ಡೇಟಾ ಈಸ್ ಡೇಟಾ. ಅನಂತರಾಮ್ ಅಂಕಲ್ ಇದ್ದಾರಲ್ಲ, ನಮ್ಮ ಸ್ಕೋರರ್. ಅವರೇ ಚೆಕ್ ಮಾಡಿ ಸೈನ್ ಹಾಕ್ಲಿ. ಅವರು ಸೈನ್ ಮಾಡಿದ್ಮೇಲೆ ಯಾರೂ ಕ್ವೆಶ್ಚನ್ ಮಾಡಲ್ಲ.”

ಅನಂತರಾಮರು ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಬಂದರು. ಎಂ.ಆರ್.ಟಿ. ರೈಲಿನಲ್ಲಿ ಕುಳಿತಾಗ ‘ಶೋಗೋಸ್ಕರ’ ಎಂಬ ಮಾತು ಹಲ್ಲಿನ ಸಂದಿಯ ನಾರಿನಂತೆ ಕಾಡಿತು.

ಮರುದಿನ ಟೋಲಿವರ್ ಅವರ ಮನೆಗೆ ಹೋದರು. ಮುದುಕರು ವಿಷಯ ಕೇಳಿ ನಕ್ಕು, ಒಳಗಿನಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದರು. ಅದರಲ್ಲಿ ಎರಡು ನೋಟುಪುಸ್ತಕ. ಅವರ ಅಕ್ಕ ಬರೆದದ್ದು. ಆಕೆ ಒಂದು ಪಂದ್ಯವನ್ನೂ ಬಿಡದೆ, ಕಪ್ಪು ಜನರಿಗೆಂದು ಬೇರೆ ಮಾಡಿದ್ದ ತಗಡಿನ ಬೆಂಚುಗಳ ಸಾಲಿನಲ್ಲಿ ಕುಳಿತು, ಮಂಡಿಯ ಮೇಲೆ ಪುಸ್ತಕವಿಟ್ಟುಕೊಂಡು, ತಾನೇ ಸ್ಕೋರು ಬರೆದಿದ್ದಳು.

“ಅವಳ ಲೆಕ್ಕದಲ್ಲಿ ನನ್ನದು ಮುನ್ನೂರ ಏಳು,” ಎಂದರು ಟೋಲಿವರ್ ಇಂಗ್ಲಿಷಿನಲ್ಲಿ. “ಆದರೆ ಅವಳು ನನ್ನ ಅಕ್ಕ, ನೆನಪಿರಲಿ.”

ಅನಂತರಾಮರು ಎರಡು ಭಾನುವಾರ ಮಧ್ಯಾಹ್ನಗಳನ್ನು ಆ ಪುಸ್ತಕಗಳಿಗೆ ಕೊಟ್ಟರು. ವ್ಯತ್ಯಾಸ ಇದ್ದದ್ದು ಇಪ್ಪತ್ತೊಂಬತ್ತು ಹೊಡೆತಗಳಲ್ಲಿ. ಬೇಸ್‌ಬಾಲಿನಲ್ಲಿ ಬ್ಯಾಟುಗಾರ ಚೆಂಡು ಹೊಡೆದು ಓಡಿ ತಲುಪಿದರೆ ಅದು ಹಿಟ್. ಆದರೆ ‘ಫೀಲ್ಡರು ಹಿಡಿಯಬೇಕಾಗಿತ್ತು, ಬಿಟ್ಟುಬಿಟ್ಟ’ ಎಂದು ಸ್ಕೋರು ಬರೆಯುವವನಿಗೆ ಅನ್ನಿಸಿದರೆ ಅದು ಫೀಲ್ಡರನ ತಪ್ಪು. ಹೊಡೆದವನಿಗೆ ಏನೂ ಇಲ್ಲ. ಅನ್ನಿಸುವುದೆಲ್ಲ ಒಬ್ಬನಿಗೆ, ಅವನ ಪೆನ್ನಿಗೆ. ಅಕ್ಕ ಹಿಟ್ ಎಂದು ಬರೆದ ಇಪ್ಪತ್ತೊಂಬತ್ತನ್ನು, ಪತ್ರಿಕೆಗೆ ಲೆಕ್ಕ ಕೊಡುತ್ತಿದ್ದ ಲೀಗಿನ ಸ್ಕೋರರ್ ತಪ್ಪು ಎಂದು ಬರೆದಿದ್ದ.

ಅಕ್ಕನ ಮಮತೆಯೂ ಇರಬಹುದಲ್ಲ? ಅದನ್ನು ನೋಡಲು ಅನಂತರಾಮರು ಅದೇ ತಂಡದ ಉಳಿದ ಎಂಟು ಜನ ಬ್ಯಾಟುಗಾರರ ಸಾಲುಗಳನ್ನು ಪತ್ರಿಕೆಯಿಂದಲೇ ಎಣಿಸಿದರು. ಎರಡು ವರ್ಷದಲ್ಲಿ ಆ ಎಂಟೂ ಜನರಿಗೆ ಸೇರಿ ಇಂಥ ತಪ್ಪು ಹನ್ನೊಂದು. ಅಂದರೆ ಎದುರಿನ ಫೀಲ್ಡರುಗಳ ಕೈಗೆ ಎಣ್ಣೆ ಹತ್ತುತ್ತಿದ್ದುದು ಟೋಲಿವರ್ ಬ್ಯಾಟು ಹಿಡಿದಾಗ ಮಾತ್ರ. ಬ್ಯಾಟುಗಾರನನ್ನೇ ಹೊಡೆದು ಕೆಡವಿದ್ದರೆ ಅದೊಂದು ಮಾತು. ಈ ಸ್ಕೋರರ್ ನೆರಳಿನಲ್ಲಿ ಕುಳಿತು, ಮುದ್ದಾದ ಅಕ್ಷರದಲ್ಲಿ, ಒಂದೊಂದಾಗಿ ಕದ್ದಿದ್ದ.

ಪಟ್ಟಿಯನ್ನು ಒಯ್ದು ಟೋಲಿವರ್ ಅವರ ಮುಂದಿಟ್ಟರು. ಮುದುಕರು ಕನ್ನಡಕ ಹಾಕಿಕೊಂಡು, ಒಂದೊಂದು ಹೊಡೆತದ ಮೇಲೂ ಬೆರಳಾಡಿಸಿ, ಪೆನ್ನು ಕೇಳಿದರು.

“ಇದು ನಿಜಕ್ಕೂ ಫೀಲ್ಡರನ ತಪ್ಪೇ. ಸರಿಯಾಗಿ ಕೈಗೇ ಕೊಟ್ಟಿದ್ದೆ, ಬಿಟ್ಟ. ಇದೂ ಅಷ್ಟೇ. ಇವನ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು.” ಹೀಗೆ ಏಳನ್ನು ಹೊಡೆದುಹಾಕಿದರು. ಒಂದೊಂದರ ಮೇಲೂ ಒಂದೇ ಗೆರೆ, ಪಕ್ಕದಲ್ಲಿ ಸಹಿ.

ಉಳಿದದ್ದು ಇಪ್ಪತ್ತೆರಡು. ನೂರು ಹೋಗಿ ನೂರ ಇಪ್ಪತ್ತೆರಡಾಯಿತು. ಸರಾಸರಿ ಇನ್ನೂರ ತೊಂಬತ್ತು. ಮುನ್ನೂರಲ್ಲ. ಟೋಲಿವರ್ ತಾವಾಗಿಯೇ ಕೆಳಗಿಳಿಸಿಕೊಂಡ ಇನ್ನೂರ ತೊಂಬತ್ತು.

“ಹಾಗಾದರೆ ನಾನು ಹೇಗಿದ್ದೆ?” ಎಂದು ಕೇಳಿ, ತಾವೇ ಕನ್ನಡದಲ್ಲಿ ಉತ್ತರಿಸಿದರು: “ಪರವಾಗಿಲ್ಲ.”

ಅನಂತರಾಮರಿಗೆ ನಗು ಬರಲಿಲ್ಲ. ಅವರ ತಲೆಯಲ್ಲಿ ಬೇರೊಂದು ಪುಟ ತೆರೆದುಕೊಂಡಿತ್ತು.

ತೊಂಬತ್ತನಾಲ್ಕನೆಯ ಇಸವಿಯ ಯುಗಾದಿ ಪಂದ್ಯ. ಅಂದು ಆಳು ಸಾಲದೆ, ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದ ಕೋಲಾರದ ಕಡೆಯ ವಿನೋದನನ್ನು ಕರೆದುಕೊಂಡಿದ್ದರು. ಅವನು ಬರುವಾಗಲೇ ಯಾರೋ, “ಇವನ ಜೊತೆ ಒಂದೇ ಪಂಕ್ತೀಲಿ ಊಟಾನಾ?” ಎಂದಿದ್ದರು, ಅವನಿಗೆ ಕೇಳಿಸಿತ್ತು. ಆದರೂ ಆಡಿದ. ವಿಕೆಟ್ ಕೀಪರನ ಪಕ್ಕದಿಂದ ಚೆಂಡನ್ನು ಕೂದಲೆಳೆಯಷ್ಟು ತಟ್ಟಿ ಕಳಿಸುವ ಅವನ ಹೊಡೆತ ಬಹಳ ಸೊಗಸು. ಐವತ್ತೆಂಟು ಓಟ. ಅದೇ ತಂಡದಲ್ಲಿ, ಬ್ಯಾಂಕಿಗೆ ಹೊಸದಾಗಿ ಸೇರಿದ್ದ ಇಪ್ಪತ್ತೈದರ ವಿಶ್ವಜಿತ್ ಐವತ್ತೊಂದು ಹೊಡೆದಿದ್ದ. ವಿಶ್ವಜಿತ್‌ನ ಮಾವನವರು ಆ ದಿನದ ಮುಖ್ಯ ಅತಿಥಿ.

ಟೀ ಕುಡಿಯುವಾಗ, ಅಂಪೈರ್ ಆಗಿ ನಿಂತಿದ್ದ ಗುಂಡಪ್ಪ ಬಂದು ಪಕ್ಕದಲ್ಲಿ ಕುಳಿತರು. “ಅನಂತು, ಆ ಹಿಂದ್ಗಡೆ ಹೋದ್ವಲ್ಲ ಮೂರು ಬೌಂಡರಿ, ಅವು ಬ್ಯಾಟಿಗೆ ತಾಗಿದ್ದು ನಂಗೇನೂ ಕಾಣ್ಲಿಲ್ಲಪ್ಪ. ಬೈ ಅಂತ ಹಾಕ್ಬಿಡು. ಟೋಟಲ್ ಏನೂ ಚೇಂಜ್ ಆಗಲ್ವಲ್ಲ.”

ತಂಡದ ಮೊತ್ತ ನಿಜಕ್ಕೂ ಒಂದು ಓಟವೂ ಬದಲಾಗಲಿಲ್ಲ. ಬ್ಯಾಟಿಗೆ ತಾಗದೆ ಚೆಂಡು ಕೀಪರನನ್ನು ದಾಟಿ ಹೋದರೆ ಬೈ. ಓಟ ತಂಡಕ್ಕೆ, ಬ್ಯಾಟುಗಾರನಿಗಲ್ಲ. ಅಂದು ಪೆನ್ನು ಸೋರುತ್ತಿತ್ತೆಂದು ಅನಂತರಾಮರು ಪೆನ್ಸಿಲ್ ಹಿಡಿದಿದ್ದರು. ರಬ್ಬರು ಅರ್ಧ ನಿಮಿಷದ ಕೆಲಸ. ವಿನೋದನದು ನಲವತ್ತಾರಾಯಿತು. ಬೆಸ್ಟ್ ಬ್ಯಾಟ್ಸ್‌ಮನ್ ಟ್ರೋಫಿ ವಿಶ್ವಜಿತ್‌ಗೆ ಹೋಯಿತು. ವಿನೋದ ಬಂದು ಪುಸ್ತಕ ನೋಡಿದ, ಅನಂತರಾಮರ ಮುಖ ನೋಡಿದ, “ಆಯ್ತು ಸಾರ್,” ಎಂದ. ಊಟಕ್ಕೆ ನಿಲ್ಲಲಿಲ್ಲ. ಮತ್ತೆ ಬರಲೂ ಇಲ್ಲ.

ಮುಂದಿನ ಸಭೆಯ ದಿನ ಬೆಳಿಗ್ಗೆ ಅನಂತರಾಮರು ಆ ಹಳೆಯ ಪುಸ್ತಕವನ್ನು ಚೀಲಕ್ಕೆ ಹಾಕುವುದನ್ನು ಹೆಂಡತಿ ಭಾಗೀರಥಿ ನೋಡಿದರು. ಅವರಿಗೆ ಈ ಸಂಗತಿಯನ್ನು ಹಿಂದಿನ ದಿನವಷ್ಟೇ ಹೇಳಿದ್ದರು.

“ಟೋಲಿವರ್‌ದು ಹೇಳೋಕೆ ಇದ್ಯಾಕೆ ರೀ ಬೇಕು?”

“ಸ್ಕೋರರ್ ಹೀಗೆ ಮಾಡ್ತಾನೆ ಅಂತ ನಾನು ಅಂದ್ರೆ, ನಿಮಗೆ ಹೇಗೆ ಗೊತ್ತು ಅಂತಾರೆ.”

“ಗೊತ್ತಿಲ್ಲ ಅನ್ನಿ.”

“ಗೊತ್ತಲ್ಲ ಭಾಗೀ.”

ಮಗಳು ಸಿಂಚನಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, “ಅಪ್ಪಾ, ಯೂ ಚೀಟೆಡ್ ಆಹ್?” ಎಂದಳು. ಅನಂತರಾಮರು ಚೀಲದ ಜಿಪ್ಪು ಎಳೆದರು. ಅವಳು ಚಾಕುವನ್ನು ಕೆಳಗಿಟ್ಟು, “ದೆನ್ ಮಸ್ಟ್ ಟೆಲ್ ಲಾ,” ಎಂದಳು.

ಸಭೆಯಲ್ಲಿ ಅನಂತರಾಮರು ಮೊದಲು ಟೋಲಿವರ್ ಅವರ ಲೆಕ್ಕ ಓದಿದರು. ಇಪ್ಪತ್ತೊಂಬತ್ತು, ಹನ್ನೊಂದು, ಏಳು, ಕೊನೆಗೆ ಇನ್ನೂರ ತೊಂಬತ್ತು. ನಿರುಪಮಾ ತಲೆಯಾಡಿಸಿದಳು. ವಿಶ್ವಜಿತ್ ಕುರ್ಚಿಗೆ ಒರಗಿಕೊಂಡ.

“ಅಂಕಲ್, ಇದೆಲ್ಲಾ ಥಿಯರಿ. ಅಕ್ಕನ ನೋಟ್‌ಬುಕ್ ಎವಿಡೆನ್ಸ್ ಆಗಲ್ಲ. ಒಬ್ಬ ಅಫೀಷಿಯಲ್ ಸ್ಕೋರರ್, ಊರಲ್ಲಿ ಮರ್ಯಾದಸ್ಥ, ಎರಡು ವರ್ಷ ಕೂತ್ಕೊಂಡು ಸುಳ್ಳು ಬರೀತಾನೆ ಅಂದ್ರೆ ಯಾರು ನಂಬ್ತಾರೆ? ಸುಮ್ನೆ ಸೈನ್ ಮಾಡಿ.”

“ಮರ್ಯಾದಸ್ಥರು ಬರೀತಾರೆ,” ಎಂದರು ಅನಂತರಾಮ್. “ಸುಲಭ. ಟೋಟಲ್ ಏನೂ ಚೇಂಜ್ ಆಗಲ್ಲ.”

ಗುಂಡಪ್ಪನವರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಅನಂತರಾಮರು ಹಳೆಯ ಪುಸ್ತಕ ತೆರೆದು, ಆ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಎಂಜಿನ್ನಿನ ಬಿರುಕು ನೋಡುವುದೂ ಹಾಗೆಯೇ. ಅಳಿಸಿದ ಪೆನ್ಸಿಲ್ಲಿನ ಗುರುತು, ನಾಲ್ಕು ಎಂಬ ಮೂರು ಅಂಕಿಗಳು, ಕಾಗದದಲ್ಲಿ ತಗ್ಗಾಗಿ ಕಾಣಿಸಿದವು. ನಿರುಪಮಾ ಬಗ್ಗಿ ನೋಡಿದಳು. ವಿಶ್ವಜಿತ್ ಎದ್ದು ಬರಲಿಲ್ಲ.

“ವಿನೋದ ಹೊಡೆದ ಬೌಂಡರಿಗಳು ಇವು. ನಾನು ಬೈ ಅಂತ ಬರೆದೆ. ನಿನ್ನ ಟ್ರೋಫಿ ಅವನದು, ವಿಶ್ವಜಿತ್. ನಿಂಗೆ ಗೊತ್ತಿರ್ಲಿಲ್ಲ, ಅದು ನಿಜ. ಬರ್ಕೊಟ್ಟವನು ನಾನು.” ಹೇಳಿಸಿದವರ ಹೆಸರನ್ನು ಅವರು ಹೇಳಲಿಲ್ಲ. ಹೇಳುವುದು ಬೇಕಾಗಲೂ ಇಲ್ಲ. ಗುಂಡಪ್ಪನವರು ನೆಲ ನೋಡುತ್ತಿದ್ದರು.

ಆಮೇಲೆ ಅನಂತರಾಮರು ಜೇಬಿನಿಂದ ಪೆನ್ನು ತೆಗೆದು, ನಲವತ್ತಾರರ ಮೇಲೆ ಒಂದು ಗೆರೆ ಎಳೆದು, ಐವತ್ತೆಂಟು ಎಂದು ಬರೆದು, ಸಹಿ ಮಾಡಿದರು.

“ಹದಿಮೂರು ವರ್ಷದ್ ಹಿಂದಿನ ಫ್ರೆಂಡ್ಲಿ ಮ್ಯಾಚು ಅಂಕಲ್ ಅದು,” ಎಂದ ವಿಶ್ವಜಿತ್. ನಗಲು ನೋಡಿದ, ಆಗಲಿಲ್ಲ. ಅವನ ಹಿಂದಿನ ಗಾಜಿನ ಕಪಾಟಿನಲ್ಲಿ ಆ ಟ್ರೋಫಿ ಇನ್ನೂ ಇತ್ತು.

ನಿರ್ಧಾರ ಆದದ್ದು ಇಂಥ ಸಮಿತಿಗಳಲ್ಲಿ ಆಗುವಂತೆಯೇ. ಕಪ್ಪಿನ ಮೇಲೆ ಬಿಲ್ಡರನ ಹೆಸರು ದೊಡ್ಡದಾಗಿ, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಟೋಲಿವರ್ ಅವರದು, ಅದರ ಪಕ್ಕದಲ್ಲಿ 290 ಎಂಬ ಅಂಕಿ. ಅಂಕಿ ಬೇಕೇ ಬೇಕೆಂದು ಹಟ ಹಿಡಿದವಳು ನಿರುಪಮಾ. ಪುಸ್ತಕ ತಿದ್ದಿದವರನ್ನು ಸ್ಕೋರಿಗೆ ಕೂರಿಸುವುದು ಸರಿಯಲ್ಲವೆಂದು ಅನಂತರಾಮರನ್ನು ಆ ಕೆಲಸದಿಂದ ಬಿಡಿಸಿದರು. ಸೂಚಿಸಿದವರು ಗುಂಡಪ್ಪ. ಅದು ನ್ಯಾಯವೆಂದು ಅನಂತರಾಮರಿಗೂ ಅನ್ನಿಸಿತು. ಹೇಳಿದ ಬಾಯಿ ಯಾವುದೆಂದು ನೆನೆದಾಗ ಮಾತ್ರ ಎದ್ದು ಹೋಗಿ ಕೈ ತೊಳೆದುಕೊಳ್ಳಬೇಕೆನ್ನಿಸಿತು.

ಪಂದ್ಯದ ದಿನ ಟೋಲಿವರ್ ಕಪ್ಪನ್ನು ಕೈಗೆತ್ತಿಕೊಂಡು, ಬಿಲ್ಡರನ ಹೆಸರನ್ನು ದಾಟಿ, ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಬೆರಳ ತುದಿಯನ್ನು ನಿಧಾನವಾಗಿ ಆಡಿಸಿದರು. ಅಂಕಿಯ ಹತ್ತಿರ ಬೆರಳು ನಿಂತಿತು. ಅನಂತರಾಮರು ಇಂಗ್ಲಿಷಿನಲ್ಲಿ ಹೇಳಿದರು, “ಪರವಾಗಿಲ್ಲ ಅಂತ ನೀವು ಅಂದದ್ದು ತಪ್ಪು ಲೆಕ್ಕ. ನೀವು ಚೆನ್ನಾಗಿ ಆಡಿದ್ದಿರಿ.”

“ಸಹಿ ಹಾಕುತ್ತೀಯಾ?” ಎಂದರು ಮುದುಕರು.

“ಹಾಕಿದ್ದೇನೆ.”

ಮರುವಾರ ಅನಂತರಾಮರ ಮನೆಯ ಬಾಗಿಲ ಹೊರಗೆ, ಚಪ್ಪಲಿ ಗೂಡಿನ ಮೇಲೆ, ಒಂದು ಬಟ್ಟೆಯ ಚೀಲವಿತ್ತು. ಒಳಗೆ ಆ ತೊಂಬತ್ತನಾಲ್ಕರ ಟ್ರೋಫಿ. ಚೀಟಿ ಇರಲಿಲ್ಲ. ಅನಂತರಾಮರು ಬಳಗದವರನ್ನೆಲ್ಲ ಕೇಳಿದರು, ಹಡಗುಕಟ್ಟೆಗೂ ಹೋಗಿ ಬಂದರು. ವಿನೋದನ ವಿಳಾಸ ಯಾರ ಬಳಿಯೂ ಇರಲಿಲ್ಲ. ಅವನ ಪೂರ್ತಿ ಹೆಸರೇನೆಂದು ಕೂಡ ಅಂದು ಯಾರೂ ಕೇಳಿರಲಿಲ್ಲ. ಟ್ರೋಫಿಯನ್ನು ಒಳಗೆ ತರಲು ಮನಸ್ಸು ಬರಲಿಲ್ಲ, ಎಸೆಯಲು ಹಕ್ಕಿರಲಿಲ್ಲ. ಅದು ಚಪ್ಪಲಿ ಗೂಡಿನ ಮೇಲೆಯೇ ಉಳಿಯಿತು. ಪ್ರತಿದಿನ ಬೆಳಿಗ್ಗೆ ಸೆಲೆಟಾರ್‌ಗೆ ಹೊರಡುವಾಗ ಅನಂತರಾಮರು ಬೂಟಿನ ದಾರ ಕಟ್ಟಲು ಬಗ್ಗುತ್ತಿದ್ದರು. ವಿಶ್ವಜಿತ್‌ನ ಹೆಸರು ಕೆತ್ತಿದ್ದ ಆ ತಗಡು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು.